ತಾಯಿ ಕಾರ್ಡ್ ಮತ್ತು ಅದರ ಹಿಂದಿನ ಸೇವೆ: ಎಲ್ಲಿ ಗಟ್ಟಿ, ಎಲ್ಲಿ ಸಡಿಲ

ಕರ್ನಾಟಕದಲ್ಲಿ ಗರ್ಭಿಣಿಯ ಹೆಸರು ನೋಂದಣಿಯಾದಾಗ ಅವಳ ಕೈಗೆ ಬರುವುದು ತಾಯಿ ಕಾರ್ಡ್. ಉಪಕೇಂದ್ರದ ಸಿಸ್ಟರ್, ಆಶಾ ಕಾರ್ಯಕರ್ತೆ, ಅಂಗನವಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರ (ಪಿಎಚ್‌ಸಿ), ತಾಲ್ಲೂಕು ಆಸ್ಪತ್ರೆ, 108 ಆಂಬುಲೆನ್ಸ್ ಎಲ್ಲ ಸೇರಿ ನಡೆಸುವ ಒಂದು ದೊಡ್ಡ ಸೇವೆಯ ಬಾಗಿಲು ಅದು. ಇಲ್ಲಿ ವಿಮರ್ಶೆಗೆ ತೆಗೆದುಕೊಂಡಿರುವುದು ಆ ಸೇವೆಯನ್ನು. ಖಾಸಗಿ ಆಸ್ಪತ್ರೆಯಲ್ಲಿ ತೋರಿಸಿಕೊಳ್ಳುವವರಿಗೂ ಇದು ಪ್ರಯೋಜನಕ್ಕೆ ಬರುತ್ತದೆ. ಅಳೆಯಬೇಕಾದ ಅಳತೆ, ನುಂಗಬೇಕಾದ ಮಾತ್ರೆ ಎರಡೂ ಕಡೆ ಒಂದೇ, ಕಾರ್ಡ್ ಮಾಡಿಸಿಕೊಳ್ಳುವ ಹಕ್ಕೂ ಅವರಿಗಿದೆ.

ಮೊದಲೇ ಹೇಳಿಬಿಡುತ್ತೇವೆ: ಏನೇನು ಕೊಡುತ್ತಾರೆ ಎಂಬ ಪಟ್ಟಿಯ ಮಟ್ಟಿಗೆ ಈ ಸೇವೆ ಬಹಳ ಒಳ್ಳೆಯದು. ಪರೀಕ್ಷೆ, ಮಾತ್ರೆ, ಊಟ, ವಾಹನ, ಹೆರಿಗೆ, ಆಪರೇಷನ್ ಎಲ್ಲವೂ ಉಚಿತ. ಅದು ಸೋಲುವುದು ಬೇರೆ ಕಡೆ. ಕಾರ್ಡಿನಲ್ಲಿ ಬರೆದ ಅಂಕಿ ನಿಜವಾಗಿ ಅಳೆದದ್ದೇ? ಅಳೆದದ್ದಾದರೆ, ಆ ಅಂಕಿ ನೋಡಿ ಮುಂದಿನ ಹೆಜ್ಜೆ ಯಾರಾದರೂ ಇಟ್ಟರೇ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಹೆರಿಗೆಗಳಲ್ಲಿ ಶೇ 97 ಆಸ್ಪತ್ರೆಯಲ್ಲೇ ಆಗುತ್ತಿವೆ. ಆದರೆ ಕನಿಷ್ಠ ನಾಲ್ಕು ಸಲ ತಪಾಸಣೆ ಆದವರು ಶೇ 71ರಷ್ಟು ಮಾತ್ರ. ಗರ್ಭಿಣಿಯರಲ್ಲಿ ಶೇ 45.7 ಮಂದಿಗೆ ರಕ್ತಹೀನತೆ. ಅದೇ ಅವಧಿಯ ಎಸ್‌ಆರ್‌ಎಸ್ (ಕೇಂದ್ರ ಸರ್ಕಾರದ ಜನನ-ಮರಣಗಳ ಮಾದರಿ ಸಮೀಕ್ಷೆ) ಲೆಕ್ಕದಲ್ಲಿ ಲಕ್ಷ ಜೀವಂತ ಜನನಕ್ಕೆ ಕರ್ನಾಟಕದಲ್ಲಿ 63 ತಾಯಂದಿರು ಸಾಯುತ್ತಿದ್ದರು. ತಮಿಳುನಾಡಿನಲ್ಲಿ 49, ಕೇರಳದಲ್ಲಿ 20. ಹೆರಿಗೆ ಆಸ್ಪತ್ರೆಗೆ ಬಂದಿದೆ, ಅದಕ್ಕೆ ಮುಂಚಿನ ಒಂಬತ್ತು ತಿಂಗಳು ಇನ್ನೂ ಪೂರ್ತಿಯಾಗಿ ಬಂದಿಲ್ಲ.

ನೋಂದಣಿ 12 ವಾರದೊಳಗೆ ಆಗಬೇಕು. ಮುಟ್ಟು ನಿಂತಿದೆ ಎಂದು ಆಶಾ ಕಾರ್ಯಕರ್ತೆಗೆ ತಿಳಿಸಿದರೆ ಮೂತ್ರಪರೀಕ್ಷೆಯ ಕಿಟ್ ಅವರಲ್ಲೇ ಇರುತ್ತದೆ. ಕಾರ್ಡಿನಲ್ಲಿ ಎಲ್ಲಕ್ಕಿಂತ ಮುಖ್ಯವಾದ ದಿನಾಂಕ ಕೊನೆಯ ಮುಟ್ಟಿನ ಮೊದಲ ದಿನ. ಅದಕ್ಕೆ ಒಂಬತ್ತು ತಿಂಗಳು ಏಳು ದಿನ ಕೂಡಿಸಿದರೆ ಹೆರಿಗೆಯ ಅಂದಾಜು ದಿನ ಸಿಗುತ್ತದೆ. ತಾರೀಖು ನೆನಪಿಲ್ಲದಿದ್ದರೆ ಹಬ್ಬ, ಸಂತೆ, ಮದುವೆಯ ದಿನ ಹಿಡಿದು ಲೆಕ್ಕ ಹಾಕಿ, ಅಂದಾಜಿಗೆ ತಿಂಗಳ ಒಂದನೇ ತಾರೀಖು ಬರೆಸಬೇಡಿ. ಮೂರು ವಾರ ಹೆಚ್ಚುಕಡಿಮೆಯಾದರೆ ಮಗುವಿನ ಬೆಳವಣಿಗೆ ಕುಂಠಿತವೋ ಅಲ್ಲವೋ, ನೋವು ಅಕಾಲದ್ದೋ ಸಕಾಲದ್ದೋ ಎಂಬ ತೀರ್ಮಾನವೇ ತಪ್ಪುತ್ತದೆ. ಗೊಂದಲವಿದ್ದರೆ ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನಿಂಗ್ ನಂಬಿಕಸ್ಥ. ಎಂಟನೇ ತಿಂಗಳ ಸ್ಕ್ಯಾನಿಂಗಿನಿಂದ ದಿನ ತಿದ್ದಬಾರದು. ಈ ಹಂತದಲ್ಲೇ ರಕ್ತದ ಗುಂಪು, ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ ಪರೀಕ್ಷೆ, ಧನುರ್ವಾಯು, ಗಂಟಲಮಾರಿ ತಡೆಯುವ ಟಿಡಿ ಚುಚ್ಚುಮದ್ದಿನ ಮೊದಲ ಡೋಸ್ ಆಗಬೇಕು. ನಾಲ್ಕು ವಾರದ ನಂತರ ಎರಡನೆಯದು. ಮೂರು ವರ್ಷದೊಳಗೆ ಹಿಂದಿನ ಬಸಿರಿನಲ್ಲಿ ಎರಡೂ ಡೋಸ್ ಆಗಿದ್ದರೆ ಈಗ ಒಂದು ಬೂಸ್ಟರ್ ಸಾಕು.

ಇನ್ನು ರಕ್ತಹೀನತೆ. ಸೇವೆಯ ನಿಜವಾದ ಪರೀಕ್ಷೆ ನಡೆಯುವುದು ಇಲ್ಲಿ. ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ, 7ರಿಂದ 9.9ರವರೆಗೆ ಮಧ್ಯಮ, 7ಕ್ಕಿಂತ ಕೆಳಗೆ ತೀವ್ರ. ಹಳೆಯ ಸಾಹ್ಲಿ ವಿಧಾನದಲ್ಲಿ ರಕ್ತವನ್ನು ಆ್ಯಸಿಡ್ಡಿಗೆ ಬೆರೆಸಿ, ಹತ್ತು ನಿಮಿಷ ಕಾದು, ನೀರು ಹನಿಸುತ್ತ ಕಣ್ಣಂದಾಜಿನಲ್ಲಿ ಬಣ್ಣ ಹೊಂದಿಸಬೇಕು. ಜನ ಜಾಸ್ತಿ ಇರುವ ದಿನ ಆ ಹತ್ತು ನಿಮಿಷ ಎರಡೇ ನಿಮಿಷವಾಗುತ್ತದೆ. ಡಿಜಿಟಲ್ ಯಂತ್ರ ಬಂದ ಮೇಲೆ ಆ ತೊಂದರೆ ತಪ್ಪಿದೆ, ಆದರೆ ಬೆರಳು ಹಿಂಡಿ ರಕ್ತ ತೆಗೆಯುವ ಅಭ್ಯಾಸ ಹೋಗಿಲ್ಲ. ಹಿಂಡಿದರೆ ಚರ್ಮದಡಿಯ ನೀರಿನಂಶ ಬೆರೆತು ಅಂಕಿ ಕೆಡುತ್ತದೆ. ಬೆರಳು ಬೆಚ್ಚಗಿರಬೇಕು, ಮೊದಲ ಹನಿ ಒರೆಸಿಬಿಡಬೇಕು, ತಾನಾಗಿ ಬಂದ ಮುಂದಿನ ಹನಿ ತೆಗೆಯಬೇಕು. ಸ್ಟ್ರಿಪ್ ಡಬ್ಬಿ ತೆರೆದಿಟ್ಟಿದ್ದರೆ ತೇವ ಹಿಡಿದು ಸ್ಟ್ರಿಪ್ಪೇ ಹಾಳು.

ಕೆಂಪು ಬಣ್ಣದ ಕಬ್ಬಿಣದ ಮಾತ್ರೆಯಲ್ಲಿ 60 ಮಿ.ಗ್ರಾಂ. ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆ್ಯಸಿಡ್ ಇದೆ. ಮೊದಲ ಮೂರು ತಿಂಗಳು ಬರೀ ಫೋಲಿಕ್ ಆ್ಯಸಿಡ್, ನಾಲ್ಕನೇ ತಿಂಗಳಿನಿಂದ ದಿನಕ್ಕೊಂದು ಕೆಂಪು ಮಾತ್ರೆ, ಒಟ್ಟು 180. ರಕ್ತಹೀನತೆ ಇದ್ದವರಿಗೆ ದಿನಕ್ಕೆ ಎರಡು. ನಾಲ್ಕನೇ ತಿಂಗಳು ತುಂಬುವ ಹೊತ್ತಿಗೆ ಜಂತುಹುಳುವಿಗೆ 400 ಮಿ.ಗ್ರಾಂ. ಅಲ್ಬೆಂಡಜೋಲ್ ಒಂದೇ ಸಲ. ಜೊತೆಗೆ 500 ಮಿ.ಗ್ರಾಂ. ಕ್ಯಾಲ್ಸಿಯಂ ದಿನಕ್ಕೆ ಎರಡು ಸಲ. ಪಟ್ಟಿ ಸರಿಯಾಗಿದೆ, ಪೂರೈಕೆಯೂ ಬಹುಪಾಲು ಊರುಗಳಲ್ಲಿ ಇದೆ. ತಪ್ಪುವುದು ಹೇಗೆ ನುಂಗಬೇಕು ಎಂದು ಹೇಳುವಲ್ಲಿ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ಹೊಟ್ಟೆಗೆ ಹೋದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ, ಎರಡಕ್ಕೂ ನಡುವೆ ಕನಿಷ್ಠ ಎರಡು ಗಂಟೆ ಅಂತರ ಬೇಕು. ಕಾಫಿ, ಚಹಾ, ಹಾಲು, ಮಜ್ಜಿಗೆಗೂ ಅದೇ ಮಾತು. ರಾಗಿ ಕ್ಯಾಲ್ಸಿಯಂ ತುಂಬಿದ ಧಾನ್ಯ, ಬಸುರಿಗೆ ಬಹಳ ಒಳ್ಳೆಯದು, ಆದರೆ ಮುದ್ದೆ ಉಂಡ ಕೂಡಲೇ ಕೆಂಪು ಮಾತ್ರೆ ನುಂಗಬಾರದು. ಸುಲಭ ದಾರಿ ಇದು: ಬೆಳಗಿನ ತಿಂಡಿ, ಮಧ್ಯಾಹ್ನದ ಊಟದ ಜೊತೆ ಕ್ಯಾಲ್ಸಿಯಂ, ರಾತ್ರಿ ಊಟವಾಗಿ ಒಂದೆರಡು ಗಂಟೆ ಕಳೆದು ಮಲಗುವ ಮುನ್ನ ನಿಂಬೆರಸದ ನೀರಿನಲ್ಲಿ ಕಬ್ಬಿಣ. ಮಲಗುವಾಗ ನುಂಗಿದರೆ ಹೊಟ್ಟೆ ತೊಳಸುವುದೂ ಕಡಿಮೆ. ಮಲ ಕಪ್ಪಾಗುತ್ತದೆ, ಕೆಲವರಿಗೆ ಮಲಬದ್ಧತೆ ಆಗುತ್ತದೆ. ಇದನ್ನು ಮುಂಚೆಯೇ ಹೇಳದ ಕಾರಣಕ್ಕೆ ಹೆದರಿ ಮಾತ್ರೆ ಬಿಟ್ಟವರ ಸಂಖ್ಯೆ ದೊಡ್ಡದು. ಮಾತ್ರೆ ತಿಂದರೆ ಮಗು ಕಪ್ಪಾಗುತ್ತದೆ, ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬ ಮಾತು ಹಿರಿಯರ ಬಾಯಲ್ಲಿ ಇನ್ನೂ ಇದೆ, ಎರಡೂ ಸುಳ್ಳು. ಆಶಾ ಕಾರ್ಯಕರ್ತೆ ಬಂದಾಗ ಅತ್ತೆಯನ್ನೂ ಕೂರಿಸಿಕೊಂಡು ಈ ಮಾತಾಡುವುದು ಸೊಸೆಯೊಬ್ಬಳಿಗೇ ಹೇಳುವುದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಒಂದು ತಿಂಗಳು ದಿನಕ್ಕೆರಡು ಮಾತ್ರೆ ಸರಿಯಾಗಿ ನುಂಗಿದ ಮೇಲೂ ಹಿಮೋಗ್ಲೋಬಿನ್ 1 ಗ್ರಾಂ ಏರದಿದ್ದರೆ ಅದೇ ಮಾತ್ರೆ ಮುಂದುವರಿಸುತ್ತ ಕೂರಬಾರದು, ದೊಡ್ಡ ಆಸ್ಪತ್ರೆಗೆ ಕಳಿಸಬೇಕು ಎಂದು ನಿಯಮವೇ ಇದೆ. ಅಲ್ಲಿ ರಕ್ತನಾಳದ ಮೂಲಕ ಕಬ್ಬಿಣ ಕೊಡುತ್ತಾರೆ. ಐರನ್ ಸುಕ್ರೋಸ್ ಆದರೆ ಒಂದು ಸಲಕ್ಕೆ 200 ಮಿ.ಗ್ರಾಂ.ನಂತೆ ದಿನ ಬಿಟ್ಟು ದಿನ ಹಲವು ಸಲ ಹೋಗಬೇಕು. ಎಫ್‌ಸಿಎಂ ಎಂದು ಕರೆಯುವ ಔಷಧಿ ಒಂದೇ ಸಲಕ್ಕೆ 1000 ಮಿ.ಗ್ರಾಂ.ವರೆಗೆ ಹೋಗುತ್ತದೆ. ಕೂಲಿ ಬಿಟ್ಟು, ಬಸ್ಸು ಹಿಡಿದು ಬರುವ ಹೆಣ್ಣುಮಗಳಿಗೆ ಈ ವ್ಯತ್ಯಾಸ ದೊಡ್ಡದು. ಎಫ್‌ಸಿಎಂ ಇದೆಯೇ ಎಂದು ಕೇಳಿ. ಕೊನೆಯ ಮೂರು ತಿಂಗಳಲ್ಲಿ 7ಕ್ಕಿಂತ ಕೆಳಗಿದ್ದರೆ ದಾಖಲಾಗಬೇಕು, 5ಕ್ಕಿಂತ ಕೆಳಗಾದರೆ ರಕ್ತವೇ ಬೇಕು. ಸೇವೆಯ ಅತಿ ದೊಡ್ಡ ವೈಫಲ್ಯ ಈ ಜಾಗದಲ್ಲಿ: ಐದನೇ ತಿಂಗಳಲ್ಲಿ 8.2, ಏಳರಲ್ಲಿ 8, ಒಂಬತ್ತರಲ್ಲಿ 7.8 ಎಂದು ಮೂರು ಸಲ ಚೆಂದವಾಗಿ ಬರೆದಿರುತ್ತಾರೆ, ಚಿಕಿತ್ಸೆಯ ಕಾಲಂನಲ್ಲಿ ಮೂರು ಸಲವೂ ಅದೇ ಮಾತ್ರೆ. ಅಂಥ ತಾಯಿಗೆ ಹೆರಿಗೆಯ ನಂತರದ ರಕ್ತಸ್ರಾವ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ.

ರಕ್ತದೊತ್ತಡದ ಕಾಲಂ ನೋಡಿದರೆ ಆ ಕೇಂದ್ರದ ಗುಣಮಟ್ಟ ಗೊತ್ತಾಗುತ್ತದೆ. ನಾಲ್ಕು ಭೇಟಿಯಲ್ಲೂ 110/70 ಎಂದೇ ಇದ್ದರೆ ಅದು ಅಳತೆಯಲ್ಲ, ರೂಢಿ. ಬಸಿರಿನ ನಡುವಿನ ತಿಂಗಳುಗಳಲ್ಲಿ ಬಿಪಿ ಸಹಜವಾಗಿ ತುಸು ಇಳಿಯುತ್ತದೆ, ಕೊನೆಗೆ ಮತ್ತೆ ಏರುತ್ತದೆ. ಐದನೇ ತಿಂಗಳಲ್ಲಿ 100/60 ಇದ್ದವಳಿಗೆ ಎಂಟರಲ್ಲಿ 132/86 ಬಂದರೆ 140/90ರ ಗೆರೆ ದಾಟಿಲ್ಲ ಎಂದು ಸುಮ್ಮನಿರಬಾರದು, ವಾರದೊಳಗೆ ಮತ್ತೆ ಅಳೆಯಬೇಕು. ಹಾಗೆ ಹೋಲಿಸಿ ನೋಡಲು ಹಿಂದಿನ ಅಂಕಿ ನಿಜದ್ದಾಗಿರಬೇಕು. ಅಳೆಯುವ ಮುನ್ನ ಮೂತ್ರಕ್ಕೆ ಹೋಗಿ ಬಂದು ಐದು ನಿಮಿಷ ಬೆನ್ನಿಗೆ ಒರಗು ಕೊಟ್ಟು ಕೂರಬೇಕು, ತೋಳು ಎದೆಯ ಮಟ್ಟದಲ್ಲಿರಬೇಕು, ಪಟ್ಟಿಯನ್ನು ರವಿಕೆಯ ತೋಳಿನ ಮೇಲೆ ಕಟ್ಟಬಾರದು, ಅಳೆಯುವಾಗ ಮಾತಾಡಬಾರದು. ತೋಳು ದಪ್ಪವಿದ್ದವರಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ಕಾಣಿಸುತ್ತದೆ. 140/90 ಅಥವಾ ಹೆಚ್ಚಿದ್ದರೆ ನಾಲ್ಕು ಗಂಟೆ ಬಿಟ್ಟು ಮತ್ತೆ ನೋಡಬೇಕು, ಮೂತ್ರದಲ್ಲಿ ಪ್ರೋಟೀನ್ ಇದೆಯೇ ಎಂದು ಪರೀಕ್ಷಿಸಬೇಕು. 160/110 ಮುಟ್ಟಿದರೆ ಅದು ತುರ್ತು ಪರಿಸ್ಥಿತಿ, ಕಾಯುವ ಮಾತೇ ಇಲ್ಲ. ತೂಕವೂ ಇಲ್ಲಿ ಸುಳಿವು ಕೊಡುತ್ತದೆ. ನಾಲ್ಕನೇ ತಿಂಗಳಿನಿಂದ ತಿಂಗಳಿಗೆ ಸುಮಾರು 2 ಕೆ.ಜಿ. ಏರುವುದು ಸಹಜ, ಒಂದೇ ತಿಂಗಳಲ್ಲಿ 3 ಕೆ.ಜಿ. ಏರಿದರೆ ಮಗು ಬೆಳೆಯಿತೆಂದು ಹಿಗ್ಗುವ ಮೊದಲು ಬಿಪಿ ನೋಡಿಸಿ. ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು, ಮೇಲ್ಹೊಟ್ಟೆಯ ನೋವು ಬಂದರೆ ದೃಷ್ಟಿ ತೆಗೆಯುತ್ತ ಹೊತ್ತು ಕಳೆಯದೆ ಅದೇ ಗಳಿಗೆಗೆ ಹೊರಡಿ.

ಸಕ್ಕರೆ ಪರೀಕ್ಷೆ ಸರ್ಕಾರಿ ವ್ಯವಸ್ಥೆಯ ಒಳ್ಳೆಯ ಅಂಶ. ಖಾಲಿ ಹೊಟ್ಟೆಯಲ್ಲಿ ಬರಬೇಕಾಗಿಲ್ಲ. 75 ಗ್ರಾಂ ಗ್ಲೂಕೋಸನ್ನು 300 ಮಿ.ಲೀ. ನೀರಿನಲ್ಲಿ ಕರಗಿಸಿ ಐದರಿಂದ ಹತ್ತು ನಿಮಿಷದೊಳಗೆ ಕುಡಿಯಬೇಕು, ಎರಡು ಗಂಟೆಗೆ ಸರಿಯಾಗಿ ರಕ್ತ ತೆಗೆಯಬೇಕು, 140 ಅಥವಾ ಹೆಚ್ಚಿದ್ದರೆ ಬಸಿರಿನ ಸಕ್ಕರೆ ಕಾಯಿಲೆ. ಮೊದಲ ಭೇಟಿಯಲ್ಲಿ ಒಮ್ಮೆ, 24ರಿಂದ 28ನೇ ವಾರದಲ್ಲಿ ಇನ್ನೊಮ್ಮೆ. ಎರಡನೆಯದನ್ನು ಬಿಡುವುದೇ ಹೆಚ್ಚು, ಕಾಯಿಲೆ ಸಿಗುವುದೂ ಆಗಲೇ ಹೆಚ್ಚು. ಗ್ಲೂಕೋಸನ್ನು ಚಮಚದ ಅಂದಾಜಿನಲ್ಲಿ ಹಾಕುತ್ತಿದ್ದರೆ ತೂಗಿ ಹಾಕಲು ಕೇಳಿ. ಕುಡಿದು ಅರ್ಧ ಗಂಟೆಯೊಳಗೆ ವಾಂತಿಯಾದರೆ ಪರೀಕ್ಷೆ ಮರುದಿನಕ್ಕೆ, ಅರ್ಧ ಗಂಟೆ ದಾಟಿದ್ದರೆ ಮುಂದುವರಿಸಬಹುದು.

ಪ್ರತಿ ತಿಂಗಳ 9ನೇ ತಾರೀಖಿನ ವಿಶೇಷ ತಪಾಸಣೆ 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ್ದು. ಅಂದು ಡಾಕ್ಟರೇ ನೋಡಬೇಕು. ನೋಡಿದ ಮೇಲೆ ಕಾರ್ಡಿಗೆ ಸ್ಟಿಕರ್ ಹಚ್ಚುತ್ತಾರೆ: ಹಸಿರು ಎಂದರೆ ಅಪಾಯವಿಲ್ಲ, ಕೆಂಪು ಎಂದರೆ ಅಪಾಯದ ಬಸಿರು, ನೀಲಿ ಬಿಪಿಗೆ, ಹಳದಿ ಸಕ್ಕರೆ, ಥೈರಾಯ್ಡ್ ಮುಂತಾದ ಜೊತೆ ಕಾಯಿಲೆಗೆ. ಓದು ಬರಹ ಬಾರದವರಿಗೂ, ಮಧ್ಯರಾತ್ರಿ ಕಾರ್ಡ್ ನೋಡುವ ನರ್ಸಿಗೂ ಒಂದೇ ನೋಟಕ್ಕೆ ತಿಳಿಯುವ ಈ ಉಪಾಯ ನಮಗೆ ಬಹಳ ಹಿಡಿಸಿದೆ. ತೊಂದರೆ ಏನೆಂದರೆ, ಹಸಿರು ಸ್ಟಿಕರ್ ಆರು ತಿಂಗಳು ಹಳೆಯದಾದರೂ ಹಾಗೇ ಇರುತ್ತದೆ. ಆರನೇ ತಿಂಗಳಲ್ಲಿ ಹಸಿರಾಗಿದ್ದವಳು ಒಂಬತ್ತರಲ್ಲಿ ಹಸಿರೇ ಎಂದು ಹೇಳಲಾಗದು, ಪ್ರತಿ ಸಲ ಮರುಪರಿಶೀಲನೆ ಆಗಬೇಕು. ಇನ್ನೊಂದು, ಒಂದೇ ದಿನಕ್ಕೆ ಎಲ್ಲರನ್ನೂ ಕರೆಯುವುದರಿಂದ ಪಿಎಚ್‌ಸಿಯ ಜಗಲಿ ತುಂಬಿ, ಒಬ್ಬೊಬ್ಬರಿಗೆ ಸಿಗುವ ಹೊತ್ತು ಕುಗ್ಗುತ್ತದೆ. ಕೆಂಪು ಸ್ಟಿಕರಿನವರನ್ನು ಮೊದಲು ಒಳಗೆ ಕರೆಯುವ ಕೇಂದ್ರಗಳು ಕೆಲಸ ಬಲ್ಲವು. ಡಾಕ್ಟರು ಹೊಟ್ಟೆ ಮುಟ್ಟಿ ನೋಡಿದರೇ, ಟೇಪಿನಲ್ಲಿ ಗರ್ಭಕೋಶದ ಎತ್ತರ ಅಳೆದರೇ ಎಂಬುದನ್ನು ಗಮನಿಸಿ. 24 ವಾರದ ನಂತರ ಸೆಂ.ಮೀ. ಲೆಕ್ಕ ವಾರದ ಲೆಕ್ಕಕ್ಕೆ ಹತ್ತಿರ ಇರಬೇಕು, ಎರಡಕ್ಕಿಂತ ಹೆಚ್ಚು ಹಿಂದೆ ಬಿದ್ದರೆ ಸ್ಕ್ಯಾನಿಂಗ್ ಬೇಕು.

ಅಂಗನವಾಡಿಯ ಮಾತೃಪೂರ್ಣ ಊಟ 2017ರ ಅಕ್ಟೋಬರ್ 2ರಿಂದ ರಾಜ್ಯದಾದ್ಯಂತ ಇದೆ: ಅನ್ನ, ಸಾರು, ಪಲ್ಯ, ಹಾಲು, ಮೊಟ್ಟೆ, ಕಡಲೆಕಾಯಿ ಚಿಕ್ಕಿ. ಮನೆಯಲ್ಲಿ ಎಲ್ಲರದ್ದೂ ಆದ ಮೇಲೆ ಉಣ್ಣುವ ಸೊಸೆಗೆ ಬಿಸಿಯಾಗಿ, ತನ್ನ ಪಾಲಿನದೇ ಆಗಿ ಒಂದು ಹೊತ್ತಿನ ಊಟ ಸಿಗುವುದು ಸಣ್ಣ ವಿಷಯವಲ್ಲ. ಮನೆಗೆ ಕೊಟ್ಟ ಹಿಟ್ಟು ಮನೆಮಂದಿಗೆಲ್ಲ ಹಂಚಿಹೋಗುತ್ತಿತ್ತು, ಇದು ಅವಳ ಹೊಟ್ಟೆಗೇ ಹೋಗುತ್ತದೆ. ಆದರೆ ಮಲೆನಾಡಿನ ಒಂಟಿಮನೆಗಳಿಂದ, ಬೆಳಗ್ಗೆಯೇ ಕೂಲಿಗೆ ಹೋಗುವ ಬಯಲುಸೀಮೆಯ ಕೇರಿಗಳಿಂದ ತುಂಬು ಬಸಿರಿನಲ್ಲಿ ದಿನವೂ ನಡೆದು ಬರುವುದು ಆಗದ ಮಾತು. ಅಂಥ ಕಡೆ ಬುತ್ತಿ ತಲುಪಿಸುವ ವ್ಯವಸ್ಥೆಯೇ ಬೇಕು. ಇನ್ನೊಂದು ತಾಂತ್ರಿಕ ಲೋಪವೂ ಇದೆ. ಊಟದ ಜೊತೆಗೇ ಕಬ್ಬಿಣದ ಮಾತ್ರೆ ನುಂಗಿಸುವುದು ಯೋಜನೆಯ ಭಾಗ. ಕಣ್ಣೆದುರೇ ನುಂಗಿಸುವುದು ಒಳ್ಳೆಯದೇ, ಪಕ್ಕದಲ್ಲೇ ಹಾಲಿನ ಲೋಟ ಇರುವುದು ಒಳ್ಳೆಯದಲ್ಲ. ಹಾಲನ್ನು ಬೇರೆ ಹೊತ್ತಿಗೆ ಸರಿಸಿದರೆ ಸಾಕು, ಖರ್ಚಿಲ್ಲದ ತಿದ್ದುಪಡಿ.

ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿ ಮಗಳು ತವರಿಗೆ ಹೊರಡುತ್ತಾಳೆ. ಬಿಪಿ ಏರುವ, ಸಕ್ಕರೆ ಕಾಣಿಸಿಕೊಳ್ಳುವ ಹೊತ್ತೂ ಅದೇ. ಗಂಡನ ಮನೆಯ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ‘ತವರಿಗೆ ಹೋಗಿದ್ದಾರೆ’, ತವರಿನವರ ಪಟ್ಟಿಯಲ್ಲಿ ಹೆಸರೇ ಇಲ್ಲ. ಒಂದು ಇಡೀ ತಿಂಗಳು ಅವಳು ಯಾರ ಲೆಕ್ಕಕ್ಕೂ ಇಲ್ಲದೆ ಉಳಿಯುತ್ತಾಳೆ. ಕಾರ್ಡಿನ ಮೇಲಿರುವ ಆರ್‌ಸಿಎಚ್ ನಂಬರ್, ಅಂದರೆ ತಾಯಿ-ಮಗುವಿನ ನೋಂದಣಿ ಸಂಖ್ಯೆ, ಎಲ್ಲಿ ಹೋದರೂ ಅದೇ, ಹೊಸ ಕಾರ್ಡ್ ಮಾಡಿಸಬಾರದು. ಮಾಡಿಸಿದರೆ ಹಳೆಯ ಅಂಕಿಗಳೆಲ್ಲ ಹೋಗಿ ಅವಳು ಮತ್ತೆ ‘ಮೊದಲ ಭೇಟಿ’ ಆಗುತ್ತಾಳೆ. ಹೊರಡುವ ವಾರ ಮಾಡಬೇಕಾದ್ದು ಇಷ್ಟು: ಕಾರ್ಡ್, ಸ್ಕ್ಯಾನಿಂಗ್ ವರದಿ, ರಕ್ತದ ಗುಂಪಿನ ಚೀಟಿ ಒಂದೇ ಕವರಿನಲ್ಲಿ ಇಟ್ಟುಕೊಳ್ಳುವುದು, ಎಲ್ಲದರ ಫೋಟೊ ಗಂಡನ ಮತ್ತು ತಾಯಿಯ ಫೋನಿನಲ್ಲಿರುವುದು, ಎರಡು ತಿಂಗಳ ಮಾತ್ರೆ ಮುಂಗಡವಾಗಿ ಪಡೆಯುವುದು, ತವರೂರಿನ ಆಶಾ ಕಾರ್ಯಕರ್ತೆಗೆ ಇಲ್ಲಿಯವರಿಂದಲೇ ಫೋನ್ ಮಾಡಿಸುವುದು. ಸೀಮಂತದ ಹಿಂದಿನ ದಿನವೋ ಮರುದಿನವೋ ಒಂದು ತಪಾಸಣೆ ಇಟ್ಟುಕೊಂಡರೆ 28ನೇ ವಾರದ ಸಕ್ಕರೆ ಪರೀಕ್ಷೆಯೂ ತಪ್ಪುವುದಿಲ್ಲ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವವರಿಗೂ ಈ ಕವರೇ ಆಧಾರ, ಅವರ ಪಾಲಿಗೆ ಸೇವೆ ಇನ್ನೂ ಬಹಳ ಸೋರುತ್ತದೆ.

ಹೆರಿಗೆ ಎಲ್ಲಿ ಎಂಬುದನ್ನು ಎಂಟನೇ ತಿಂಗಳಲ್ಲೇ ತೀರ್ಮಾನಿಸಿ. ಅಪಾಯವಿಲ್ಲದ ಹೆರಿಗೆಗೆ 24 ಗಂಟೆಯೂ ನರ್ಸ್ ಇರುವ ಪಿಎಚ್‌ಸಿ ಸಾಕು. ಅಲ್ಲಿ ನೋಡಬೇಕಾದ್ದು ಕಟ್ಟಡವನ್ನಲ್ಲ, ಹೆರಿಗೆಯ ನಂತರದ ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದು ಎಲ್ಲಿಟ್ಟಿದ್ದಾರೆ ಎಂಬುದನ್ನು. ಮಗು ಹೊರಬಂದ ಒಂದು ನಿಮಿಷದೊಳಗೆ 10 ಯೂನಿಟ್ ಚುಚ್ಚಬೇಕಾದ ಆ ಔಷಧಿ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು, ಟ್ರೇಯಲ್ಲಿ ಬಿಸಿಲಿಗೆ ಬಿದ್ದಿದ್ದರೆ ಅದರ ಶಕ್ತಿ ಕುಗ್ಗಿರುತ್ತದೆ. ತಂಪು ಬೇಡದ ಮಿಸೊಪ್ರೊಸ್ಟಾಲ್ ಮಾತ್ರೆ ಹಳ್ಳಿಯ ಹೆರಿಗೆಯಲ್ಲೂ ರಕ್ತಸ್ರಾವ ತಗ್ಗಿಸುತ್ತದೆ ಎಂದು ಜಗತ್ತಿಗೆ ತೋರಿಸಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಅಧ್ಯಯನ. 1620 ಮಹಿಳೆಯರನ್ನು ಒಳಗೊಂಡ, 2006ರಲ್ಲಿ ಪ್ರಕಟವಾದ ಅದರಲ್ಲಿ 600 ಮೈಕ್ರೋಗ್ರಾಂ ಮಾತ್ರೆ ಪಡೆದವರಲ್ಲಿ ಅತಿ ರಕ್ತಸ್ರಾವ ಶೇ 12ರಿಂದ ಶೇ 6.4ಕ್ಕೆ ಇಳಿದಿತ್ತು. ಎರಡೂ ಇಟ್ಟುಕೊಂಡಿರುವ ಕೇಂದ್ರ ಒಳ್ಳೆಯ ಕೇಂದ್ರ.

ಕೆಂಪು ಸ್ಟಿಕರಿನವರು, ಮೊದಲು ಸಿಸೇರಿಯನ್ ಆದವರು, ಅವಳಿ ಇರುವವರು ನೇರವಾಗಿ ತಜ್ಞರು, ಅರಿವಳಿಕೆ ಡಾಕ್ಟರು, ರಕ್ತ ಮೂರೂ ಇರುವ ಕಡೆಗೇ ಹೋಗಬೇಕು. ಹೆಸರಿಗೆ ತಾಲ್ಲೂಕು ಆಸ್ಪತ್ರೆ, ಅರಿವಳಿಕೆಯವರು ವಾರಕ್ಕೆ ಮೂರು ದಿನ ಎಂದಿದ್ದರೆ ರಾತ್ರಿ ಎರಡು ಗಂಟೆಗೆ ಅದು ಪಿಎಚ್‌ಸಿಗೆ ಸಮ. ಮುಂಚೆಯೇ ವಿಚಾರಿಸಿ. ತಾಲ್ಲೂಕಿನಿಂದ ಜಿಲ್ಲೆಗೆ, ಅಲ್ಲಿಂದ ಬೆಂಗಳೂರಿನ ವಾಣಿ ವಿಲಾಸಕ್ಕೋ ಮೈಸೂರಿನ ಚೆಲುವಾಂಬಕ್ಕೋ ಮಂಗಳೂರಿನ ಲೇಡಿ ಗೋಷನ್‌ಗೋ ಎಂದು ಮೆಟ್ಟಿಲು ಮೆಟ್ಟಿಲಾಗಿ ಕಳಿಸುವಾಗಲೇ ತಾಯಂದಿರು ಕೈತಪ್ಪುವುದು. ಕಳಿಸುವ ಮುನ್ನ ಅಲ್ಲಿಗೆ ಫೋನ್ ಹೋಗಬೇಕು, ಏನು ಕೊಟ್ಟಿದ್ದೇವೆ ಎಂದು ಚೀಟಿಯಲ್ಲಿರಬೇಕು. ಬಿಪಿ ಏರಿ ಫಿಟ್ಸ್ ಬಂದಿದ್ದರೆ ಎರಡೂ ಪಿರ್ರೆಗಳಿಗೆ ತಲಾ 5 ಗ್ರಾಂ ಮೆಗ್ನೀಷಿಯಂ ಸಲ್ಫೇಟ್ ಕೊಟ್ಟೇ ಕಳಿಸಬೇಕು, ಈ ಮೊದಲ ಡೋಸ್ ಕೊಡಲು ಉಪಕೇಂದ್ರದ ಸಿಸ್ಟರಿಗೂ ಅನುಮತಿ ಇದೆ. ಹೆದರಿ ಬರಿಗೈಯಲ್ಲಿ ಆಂಬುಲೆನ್ಸ್ ಹತ್ತಿಸುವುದು ಅಕ್ಷಮ್ಯ. ದೊಡ್ಡ ಆಸ್ಪತ್ರೆ ತಲುಪಿದ ಮಾತ್ರಕ್ಕೆ ಎಲ್ಲ ಮುಗಿಯಿತೆಂದೂ ಅಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ತಾಯಂದಿರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಸಂಶಯ ಬಿದ್ದದ್ದು ರಿಂಗರ್ ಲ್ಯಾಕ್ಟೇಟ್ ಡ್ರಿಪ್ಪಿನ ಗುಣಮಟ್ಟದ ಮೇಲೆ. ಕೇಸ್ ಶೀಟಿನಲ್ಲಿ ಡ್ರಿಪ್ಪಿನ ಬ್ಯಾಚ್ ನಂಬರ್ ಬರೆಯುವುದನ್ನು ಪ್ರತಿ ಆಸ್ಪತ್ರೆ ರೂಢಿ ಮಾಡಿಕೊಳ್ಳಬೇಕು.

ಹಣದ ವಿಚಾರ ಚಿಕ್ಕದಾಗಿ. 2011ರಿಂದ ಇರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸಹಜ ಹೆರಿಗೆಗೆ 3 ದಿನ, ಸಿಸೇರಿಯನ್‌ಗೆ 7 ದಿನ ಊಟ ಸೇರಿ ಎಲ್ಲ ಉಚಿತ, ಮನೆಗೆ ಬಿಡುವ ನಗು-ಮಗು ವಾಹನವೂ ಉಚಿತ. ಮಗು ಕೈಗಿಡುವಾಗ ‘ಖುಷಿಗೆ’ ಎಂದು ಕೇಳುವ ಹಣಕ್ಕೆ ಯಾವ ನಿಯಮವೂ ಇಲ್ಲ, ದೂರನ್ನು ಆರೋಗ್ಯ ಸಹಾಯವಾಣಿ 104ಕ್ಕೆ ಹೇಳಬಹುದು. ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 3000 ಮತ್ತು 2000 ರೂಪಾಯಿ ಎರಡು ಕಂತು, ಎರಡನೆಯದು ಹೆಣ್ಣಾದರೆ 6000. ಹಣ ನಿಲ್ಲುವುದು ಬಹುಪಾಲು ಒಂದೇ ಕಾರಣಕ್ಕೆ: ಆಧಾರ್ ಜೋಡಣೆಯಾದ ಖಾತೆ ಅವಳ ಹೆಸರಿನದಲ್ಲ, ಅಥವಾ ಮದುವೆಯ ನಂತರ ಬದಲಾದ ಹೆಸರು ಎರಡು ಕಡೆ ಎರಡು ಥರ ಇದೆ. ನೋಂದಣಿಯ ವಾರವೇ ಇದನ್ನು ಸರಿಪಡಿಸಿಕೊಳ್ಳಿ.

ಹೆರಿಗೆಯ ನಂತರ ಈ ಸೇವೆ ಅತಿ ದುರ್ಬಲ. ಮಗುವಿನ ಪುಟ ತುಂಬಿರುತ್ತದೆ, ತಾಯಿಯ ಪುಟ ಖಾಲಿ. ಸಹಜ ಹೆರಿಗೆಯಾದರೂ 48 ಗಂಟೆ ಆಸ್ಪತ್ರೆಯಲ್ಲಿರಬೇಕು, ಹಾಸಿಗೆ ಇಲ್ಲವೆಂದು ಮರುದಿನವೇ ಕಳಿಸಿದರೆ ಒಪ್ಪಬೇಡಿ. ಬಿಪಿ ಇದ್ದವರಿಗೆ ಹೆರಿಗೆಯಾದ ಮೂರರಿಂದ ಆರನೇ ದಿನದ ನಡುವೆ ಅದು ಮತ್ತೆ ಏರುವುದುಂಟು, ಮನೆಯಲ್ಲಿರುವಾಗಲೇ ಫಿಟ್ಸ್ ಬರಬಹುದು. ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಮನೆಗೆ ಬರುವ ಕ್ರಮವಿದೆ. ಅವರು ಬಂದಾಗ ಮಗುವಿನ ತೂಕದ ಜೊತೆ ತಾಯಿಯ ಜ್ವರ, ರಕ್ತಸ್ರಾವ, ಹೊಲಿಗೆ, ಎದೆಯ ಗಡ್ಡೆ, ನಿದ್ದೆ, ಅಳು ಎಲ್ಲವನ್ನೂ ಹೇಳಿಕೊಳ್ಳಿ. ಒಂದು ಗಂಟೆಯಲ್ಲಿ ಎರಡು ಬಟ್ಟೆ ನೆನೆಯುವಷ್ಟು ರಕ್ತ ಹೋದರೆ, ವಾಸನೆಯ ಸ್ರಾವದ ಜೊತೆ ಜ್ವರ ಬಂದರೆ 108ಕ್ಕೆ ಕರೆ ಮಾಡಿ. ಬಾಣಂತಿಗೆ ನೀರು ಕಡಿಮೆ ಕೊಡುವುದು, ಸೊಪ್ಪು ತರಕಾರಿ ಬಿಡಿಸುವುದು ಹಾಲಿಗೂ ರಕ್ತಕ್ಕೂ ಕೇಡು. ನುಗ್ಗೆಸೊಪ್ಪು, ಬೇಳೆ, ಮೊಟ್ಟೆ ಮೊದಲ ವಾರದಿಂದಲೇ ಕೊಡಬಹುದು. ಕೆಂಪು ಮಾತ್ರೆ ಹೆರಿಗೆಯ ನಂತರವೂ 180 ದಿನ ಇದೆ. ಮನೆಗೆ ಕಳಿಸುವ ದಿನ 30 ಮಾತ್ರ ಕೈಗಿಟ್ಟಿದ್ದರೆ ಉಳಿದ 150 ಉಪಕೇಂದ್ರದಿಂದ ಬರಬೇಕು. ಬಾಣಂತಿ ಹೊರಗೆ ಹೋಗುವಂತಿಲ್ಲ ಎನ್ನುವ ಮನೆಯಾದರೆ ಅಜ್ಜಿಯೋ ಗಂಡನೋ ಕಾರ್ಡ್ ತೋರಿಸಿ ತರಬಹುದು.